ನೆಲದ ಮೇಲೆ ತೆಗೆದ ಅಳತೆ

ಬಂಟ್ವಾಳ, ಕಡವಿನ ಮನೆ
೨೨-೯-೧೯೫೮, ಸೋಮವಾರ

ಪ್ರೀತಿಯ ಅಣ್ಣಾ,

ಬೊಂಬಾಯಿಯ ನೀರಿಗೆ ಮುನಿಸಿಕೊಂಡಿದ್ದ ನಿನ್ನ ಹೊಟ್ಟೆ ಈಗ ಹೇಗುಂಟು? ಹೋದ ಕಾಗದದಲ್ಲಿ ನೀನು ಬರೆದ ಆ ಒಂದು ಸಾಲನ್ನು ಅಮ್ಮ ನನ್ನಿಂದ ನಾಲ್ಕು ಸಲ ಓದಿಸಿದರು. ಊರಿಗೆ ಬಂದವರ ಕೈಯಲ್ಲಿ ಕಳಿಸಲೆಂದು ಓಮದ ಪೊಟ್ಟಣ ಕಟ್ಟಿಟ್ಟಿದ್ದಾರೆ. ಅಮ್ಮನಿಗೆ ಕ್ಷೇಮ. ಬೇಸಿಗೆಯಲ್ಲಿ ಪಾಚಿಕಲ್ಲಿನ ಮೇಲೆ ಜಾರಿ ಮುರಿದುಕೊಂಡ ಅಪ್ಪನ ಹೆಗಲಿನ ಎಲುಬು ಕೂಡಿದೆ. ಆದರೆ ಕೈ ಎದೆಗಿಂತ ಮೇಲೆ ಏಳುವುದಿಲ್ಲ. ಸ್ವರ ಮಾತ್ರ ಏಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದಡದ ಕಲ್ಲಿನ ಮೇಲೆ ಕೂತು ಇಡೀ ನೇತ್ರಾವತಿಗೆ ಅಪ್ಪಣೆ ಕೊಡುತ್ತಿರುತ್ತಾರೆ. ನಿನ್ನ ಹೆಂಡತಿಗೂ ಕ್ಷೇಮ. ಬರೇ ಕ್ಷೇಮ ಎಂದರೆ ಸಾಲದು, ಬೇಕಾದ್ದಕ್ಕಿಂತ ಹೆಚ್ಚು ಕ್ಷೇಮ. ಈ ಕಾಗದದ ಸಂಗತಿಯೇ ಅದು.

ಕೆಳಗೆ ರುಜು ಮಾಡುವ ಶೀನಪ್ಪನೆಂಬ ನಾನು, ಪ್ರಾಯ ಹತ್ತೊಂಬತ್ತು, ಯಾರ ಒತ್ತಾಯವೂ ಇಲ್ಲದೆ ಪೂರ್ಣ ಎಚ್ಚರದಲ್ಲಿ ಒಪ್ಪಿಕೊಳ್ಳುವುದೇನೆಂದರೆ, ನನಗೆ ಅಮ್ಮಣ್ಣಿ ಅತ್ತಿಗೆಯ ಮೇಲೆ ವಿಪರೀತ ಹೊಟ್ಟೆಕಿಚ್ಚು. ದೀಪಾವಳಿಗೆ ಬಂದು ಅವರನ್ನು ಬೊಂಬಾಯಿಗೆ ಕರೆದುಕೊಂಡು ಹೋಗುತ್ತೇನೆ, ಕೋಣೆ ಸಿಕ್ಕಿದೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಓದಿ ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನಾನು. ಅವರು ಹೋದರೆ ಕಡವಿನ ದೋಣಿಯಲ್ಲಿ ಹಿಂದಿನ ಮಣೆಯ ಮೇಲೆ ನಿಂತು ಹುಟ್ಟು ಹಾಕುವವನು ನಾನು. ಅಪ್ಪನೂ ಹಾಗೆಯೇ ಹೇಳಿದ್ದಾರೆ. ಈ ಸ್ವಾರ್ಥವನ್ನು ಮೊದಲೇ ಬಿಚ್ಚಿಟ್ಟಿದ್ದೇನೆ. ಮುಂದೆ ಬರೆಯುವುದನ್ನು ಎಷ್ಟು ನಂಬಬೇಕೆಂಬುದನ್ನು ನೀನೇ ತೀರ್ಮಾನಿಸಿಕೋ.

ಶುರುವಾದದ್ದು ಜೂನ್ ತಿಂಗಳಲ್ಲಿ. ಅಪ್ಪನ ಹೆಗಲಿಗೆ ಎಣ್ಣೆ ತರಲೆಂದು ನಾನು ಬೆಳ್ತಂಗಡಿಯ ವೈದ್ಯರಲ್ಲಿಗೆ ಹೋಗಿದ್ದೆ. ಆಚೆ ದಡದಲ್ಲಿ ಶಶಿಪ್ರಭಾ ಟೀಚರ್ ನಿಂತು ಕರೆದರಂತೆ. ಮೂಡಬಿದಿರೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದವರು, ನಿನಗೆ ಗೊತ್ತಿಲ್ಲ. ನೀರು ಕಂಡರೆ ಕಣ್ಣು ಮುಚ್ಚುವವರು. ಅಪ್ಪ ಒಂದು ಕೈಯಲ್ಲಿ ದೋಣಿಯ ಹಗ್ಗ ಬಿಚ್ಚಲು ಹೊರಟಾಗ ಅತ್ತಿಗೆ ಸೀರೆ ಎತ್ತಿ ಕಟ್ಟಿ, ಮಣೆ ಹತ್ತಿ, ಹುಟ್ಟು ಹಿಡಿದು ನಿಂತೇಬಿಟ್ಟರು. ಎಣ್ಣೆ ಕುಪ್ಪಿಯೊಂದಿಗೆ ನಾನು ಬಂದು ನೋಡುವಾಗ ನಡುಹೊಳೆಯಲ್ಲಿ ಅವರು ನಿಂತಿದ್ದಾರೆ, ಟೀಚರ್ ಕಣ್ಣು ಬಿಟ್ಟು ಕೂತಿದ್ದಾರೆ. ಅತ್ತಿಗೆ ಮದುವೆಗೆ ಮೊದಲು ತವರೂರು ನೆರಿಯದಲ್ಲಿ ಮಳೆಗಾಲದ ತೋಡಿನಲ್ಲಿ ಬಿದಿರಿನ ತೆಪ್ಪದ ಮೇಲೆ ನಿಂತೇ ಸೊಪ್ಪು ತರುತ್ತಿದ್ದರಂತೆ. ಇದನ್ನು ನೀನು ನಮಗೆ ಹೇಳಲೇ ಇಲ್ಲ. ನಿನಗಾದರೂ ಗೊತ್ತಿತ್ತೋ ಇಲ್ಲವೋ! ಮರುದಿನ ಅಪ್ಪ ಗಂಜಿ ಊಟ ಮಾಡುತ್ತಾ, "ಶೀನ, ಸುಬ್ಬಪ್ಪ ಆಚಾರಿಗೆ ಹೇಳಿ ಅವಳಿಗೊಂದು ಹುಟ್ಟು ಮಾಡಿಸುವ" ಎಂದರು.

ಅಣ್ಣಾ, ಈ ಮಾತಿನ ಕ್ರೌರ್ಯವನ್ನು ನೀನು ನಿಧಾನವಾಗಿ ಯೋಚಿಸಬೇಕು. ನೀನು ಬೊಂಬಾಯಿಗೆ ಹೋದ ಮೇಲೆ ಎರಡು ಮಳೆಗಾಲ ನಾನು ಈ ಹೊಳೆಯಲ್ಲಿ ಬೆವರು ಸುರಿಸಿದ್ದೇನೆ. ಯಾರ ಹುಟ್ಟಿನಲ್ಲಿ? ನಿನ್ನದರಲ್ಲಿ. ನಿನ್ನ ಅಂಗಿ ಹಾಕಿ ಬೆಳೆದೆ, ನಿನ್ನ ಪುಸ್ತಕದಲ್ಲಿ ಓದಿ ಫೇಲಾದೆ, ಈಗ ನಿನ್ನ ಹುಟ್ಟು. ನಿನ್ನ ಎತ್ತಿನಂಥ ಹೆಗಲಿಗೆಂದು ಮಾಡಿದ ಆ ಬೋಗಿ ಮರದ ಕೋಲು ಎಳ್ಳಷ್ಟೂ ಬಳುಕುವುದಿಲ್ಲ. ನೀರಿಗಿಳಿಯುವ ಹಲಗೆ ಅಮ್ಮ ಅಕ್ಕಿ ಗೇರುವ ಮೊರದಷ್ಟು ಅಗಲ. ನನಗೊಂದು ಸ್ವಂತ ಹುಟ್ಟು ಬೇಕೆಂದು ಹೇಳಿದಾಗಲೆಲ್ಲ "ಅಣ್ಣನದ್ದು ಉಂಟಲ್ಲ" ಎಂಬ ಉತ್ತರ. ಅತ್ತಿಗೆಗೆ ಒಂದೇ ದಿನದಲ್ಲಿ ಹೊಸದು!

ನಮ್ಮ ಮನೆಯಲ್ಲಿ ಹುಟ್ಟಿಗೆ ಅಳತೆ ತೆಗೆಯುವ ಕ್ರಮ ನಿನಗೆ ನೆನಪಿರಬಹುದು. ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಕೈ ಎತ್ತಬೇಕು. ನೆಲದಿಂದ ಎತ್ತಿದ ಕೈಯ ಮಣಿಕಟ್ಟಿನವರೆಗೆ ಕತ್ತದ ಹುರಿ ಹಿಡಿದು ಒಂದು ಗಂಟು. ಹಲಗೆಯ ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು. ಅಜ್ಜ ಹೀಗೆಯೇ ಮಾಡಿದ್ದು, ಅಪ್ಪನೂ ಹೀಗೆಯೇ. ಅತ್ತಿಗೆ ನಿಂತರು, ಅಪ್ಪ ಹೇಳಿದಂತೆ ಅಮ್ಮ ಗಂಟು ಹಾಕಿದರು, ಹುರಿಯನ್ನು ಆಚಾರಿಗೆ ಮುಟ್ಟಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು. ದಾರಿಯಲ್ಲಿ ಒಂದು ಹಲಸಿನ ಮರದ ಬುಡದಲ್ಲಿ ಕೂತು ದೇಶದ ಭವಿಷ್ಯವನ್ನು ಆಲೋಚಿಸಿದೆ. ಅನಂತರ ಮೊದಲನೆಯ ಗಂಟನ್ನು ಬಿಚ್ಚಿ ಒಂದು ಗೇಣು ಮುಂದೆ ಹಾಕಿದೆ. ನನ್ನ ಉದ್ದೇಶ ಸರಳ: ಅತ್ತಿಗೆ ಕುಳ್ಳು, ಗೇಣು ಉದ್ದದ ಹುಟ್ಟು ಹಿಡಿದು ನಿಂತರೆ ದೋಟಿಯಲ್ಲಿ ಮಾವಿನಕಾಯಿ ಕೊಯ್ಯುವವರಂತೆ ಕಾಣಬೇಕು, ಊರು ನಗಬೇಕು, ಅವರು ತಾವಾಗಿಯೇ ಮಣೆಯಿಂದ ಇಳಿಯಬೇಕು.

ಸುಬ್ಬಪ್ಪ ಆಚಾರಿ ಹುರಿ ಎಳೆದು ನೋಡಿ, "ಎಂತ ಮಾರಾಯ, ನಿನ್ನ ಅತ್ತಿಗೆ ಇಷ್ಟು ಉದ್ದವೋ?" ಎಂದ. ತಂದೆಯವರ ಅಪ್ಪಣೆ ಎಂದು ಗಂಭೀರವಾಗಿ ತಲೆ ಬಾಗಿಸಿದೆ. ಅಷ್ಟಕ್ಕೇ ನಿಲ್ಲಿಸದೆ ಹಲಗೆಯೂ ಅಣ್ಣನದ್ದರಷ್ಟೇ ಅಗಲ ಇರಲಿ ಎಂದೆ. ಆಚಾರಿ ಉಳಿ ಕೆಳಗಿಟ್ಟ. "ಅಗಲ ಮಾಡಿದರೆ ನೀರು ಹೆಚ್ಚು ಹಿಡೀತದೆ, ಸರಿ. ಹಿಡಿದ ನೀರನ್ನು ಎಳೆಯುವುದು ಯಾರು, ನಿನ್ನ ಅಪ್ಪನ ಹುರಿಯೋ? ದಿನಕ್ಕೆ ಮೂವತ್ತು ಸಲ ಹೋಗಿ ಬರುವ ಹೆಂಗಸಿಗೆ ಸಣ್ಣ ಹಲಗೆಯೇ ಆಗಬೇಕು. ಎರಡು ಎಳೆತ ಹೆಚ್ಚು ಎಳೆಯಲಿ, ಹೆಗಲು ಉಳಿಯಲಿ" ಎಂದು ನನಗೆ ಪಾಠ ಮಾಡಿದ. ಕೋಲಿಗೆ ಬೈನೆ ಮರದ ಸೀಳು. ಅದೂ ಅತ್ತಿಗೆಯ ತವರಿನಿಂದ ಯಾರದೋ ಗಾಡಿಯಲ್ಲಿ ಬಂತು. ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ಮೊಣಕಾಲಿನಿಂದ ಒತ್ತಿ, ಬಳುಕು ನೋಡಿ ನೋಡಿ ಕೆತ್ತಿದ. ಒತ್ತಿದಾಗ ಬಗ್ಗಬೇಕು, ಬಿಟ್ಟಾಗ ಕೂಡಲೇ ನೆಟ್ಟಗಾಗಬೇಕಂತೆ. ಬಗ್ಗಿಯೇ ಉಳಿದರೆ ಎಳೆದದ್ದು ದೋಣಿಗೆ ಮುಟ್ಟುವುದಿಲ್ಲ, ಬಗ್ಗದೇ ಇದ್ದರೆ ಪೆಟ್ಟೆಲ್ಲ ಮೈಯ ಕೀಲುಗಳಿಗೆ. ನಿನ್ನ ಹುಟ್ಟನ್ನು ತೋರಿಸಿದೆ. ಅದನ್ನು ಒತ್ತಿ ನೋಡಿ, "ಇದು ಹುಟ್ಟಲ್ಲ, ಬಾಗಿಲ ಅಗುಳಿ" ಎಂದ. ಎರಡು ವರ್ಷ ನನ್ನ ಹೆಗಲು ಯಾಕೆ ಸಿಡಿಯುತ್ತಿತ್ತು ಎಂದು ಆ ದಿನ ಗೊತ್ತಾಯಿತು. ನನಗಾಗಿ ಯಾರೂ ಇಷ್ಟು ಹೊತ್ತು ಒಂದು ಕೋಲನ್ನು ಒತ್ತಿ ನೋಡಿದ್ದಿಲ್ಲ ಎಂಬುದೂ ಗೊತ್ತಾಯಿತು.

ಹೊಸ ಹುಟ್ಟು ನೀರಿಗಿಳಿದ ದಿನ ನಗಲು ಸಿದ್ಧನಾಗಿ ನಾನು ದಡದಲ್ಲಿ ಮೊದಲನೆಯ ಸಾಲಿನಲ್ಲೇ ನಿಂತಿದ್ದೆ. ಅತ್ತಿಗೆ ಮಣೆ ಹತ್ತಿದರು. ಹುಟ್ಟು ನೀರಿಗೆ ಹೋಯಿತು, ದೋಣಿ ಹೋಯಿತು, ಅವರ ಬೆನ್ನು ಮಾತ್ರ ದೀಪದ ಕಂಬದ ಹಾಗೆ ನೆಟ್ಟಗೇ ಇತ್ತು. ಅಜ್ಜ, ಅಪ್ಪ, ನೀನು, ನಾನು, ಈ ಕಡವಿನಲ್ಲಿ ಯಾರೂ ಬೆನ್ನು ನೆಟ್ಟಗೆ ಇಟ್ಟುಕೊಂಡು ಹುಟ್ಟು ಹಾಕಿದ್ದಿಲ್ಲ. ಅಪ್ಪ ಕಲ್ಲಿನಿಂದ ಎದ್ದು ನೀರಿಗೇ ಇಳಿದರು. ಹುಟ್ಟನ್ನು ತರಿಸಿ ತಮ್ಮ ಒಳ್ಳೆಯ ಕೈಯಲ್ಲಿ ಅಳೆದು, "ಒಂದು ಗೇಣು ಜಾಸ್ತಿ ಉಂಟು" ಎಂದರು. ನಾನು ಮೊದಲನೆಯ ಸಾಲಿನಿಂದ ಎರಡನೆಯ ಸಾಲಿಗೆ ಸರಿದೆ. ಆಮೇಲೆ ದೋಣಿಯ ಹಿಂದಿನ ಮಣೆಯ ಎತ್ತರಕ್ಕೆ ಕೈಯಿಟ್ಟರು. ಅದೂ ಒಂದು ಗೇಣು! ಅಣ್ಣಾ, ಅರ್ಥವಾಯಿತೋ? ಮೂರು ತಲೆಮಾರಿನಿಂದ ನಾವು ಅಂಗಳದಲ್ಲಿ ನಿಂತು ಅಳತೆ ತೆಗೆದು, ಮಣೆಯ ಮೇಲೆ ನಿಂತು ಹುಟ್ಟು ಹಾಕುತ್ತಾ ಬಂದಿದ್ದೇವೆ. ಕಡಿಮೆ ಬಿದ್ದ ಗೇಣನ್ನು ನಡು ಬಗ್ಗಿಸಿ ತುಂಬಿಸುತ್ತಿದ್ದೆವು. ಆ ನಡುನೋವನ್ನು ಮನೆತನದ ಲಕ್ಷಣ ಎಂದುಕೊಂಡಿದ್ದೆವು. ಅಜ್ಜ ಅದಕ್ಕೆ ಧರ್ಮಸ್ಥಳಕ್ಕೆ ಹರಕೆ ಕೂಡ ಹೇಳಿದ್ದರು. ಅತ್ತಿಗೆಯೇ ಆಚಾರಿಗೆ ಹೇಳಿ ಉದ್ದ ಮಾಡಿಸಿದ್ದೆಂದು ತಿಳಿದು ಅಪ್ಪ, "ಇವಳಿಗೆ ಹೊಳೆದದ್ದು ನಮಗೆ ಯಾರಿಗೂ ಹೊಳೆಯಲಿಲ್ಲ ನೋಡು" ಎಂದರು. ಅತ್ತಿಗೆ ನನ್ನ ಮುಖ ನೋಡಿ, ಹುಟ್ಟನ್ನು ವಾಪಸು ತೆಗೆದುಕೊಂಡರು.

ನನ್ನ ಸಂಕಟವನ್ನು ಯೋಚಿಸು. ನಮ್ಮ ವಂಶದ ನಡುವನ್ನು ಉದ್ಧಾರ ಮಾಡಿದವನು ನಾನು. ಆ ಕೀರ್ತಿ ಬೇಕೆಂದರೆ ಕಳ್ಳತನವನ್ನು ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿ ಕೂತೆ. ಊರಿನವರು ಬಾಯಿ ತೆರೆದರು. ಶಶಿಪ್ರಭಾ ಟೀಚರ್ ಈಗ ಅತ್ತಿಗೆಯ ದೋಣಿಯಲ್ಲಿ ಕಾಪಿ ಪುಸ್ತಕ ತಿದ್ದುತ್ತಾ ದಾಟುತ್ತಾರೆ. ನನ್ನ ಸರದಿ ಎಂದರೆ ಕೊಡೆ ಮಡಚಿ ದೇವರ ನಾಮ ಶುರು. ಆಗಸ್ಟಿನಲ್ಲಿ ಒಂದು ದಿನ ನೆರೆಯ ಕೆಂಪು ನೀರು ಬಂದಿತ್ತು. ಇವತ್ತು ನಾನೇ ಎಂದು ಹಟ ಹಿಡಿದು ನಿನ್ನ ಮೊರದಂಥ ಹುಟ್ಟನ್ನು ಎತ್ತಿಕೊಂಡು ಹೊರಟೆ. ಮೆಲ್ಕಾರಿನ ಅಬ್ದುಲ್ ಮಜೀದ್ ಬ್ಯಾರಿ ಜವಳಿ ಗಂಟಿನೊಂದಿಗೆ ಕೂತಿದ್ದರು. ನಡುಹೊಳೆಯಲ್ಲಿ ಆ ಅಗಲದ ಹಲಗೆಯನ್ನು ಸೆಳೆತ ಹಿಡಿಯಿತು. ಹುಟ್ಟನ್ನು ನಾನು ಎಳೆಯುವ ಬದಲು ಹುಟ್ಟು ನನ್ನನ್ನು ಎಳೆಯಿತು. ದೋಣಿ ಎರಡು ಸುತ್ತು ತಿರುಗಿ ಅರ್ಧ ಮೈಲು ಕೆಳಗೆ ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ತಾಗಿತು. ಬ್ಯಾರಿ ಗಂಟನ್ನು ತಲೆಯ ಮೇಲಿಟ್ಟುಕೊಂಡು ಇಳಿಯುತ್ತಾ, "ನಾನು ಆಚೆ ದಡಕ್ಕೆ ಅಂತ ಹತ್ತಿದ್ದು ಮಾರಾಯ, ಮಂಗಳೂರಿಗಲ್ಲ. ನಾಳೆ ಅಮ್ಮಣ್ಣಿಯಕ್ಕ ಉಂಟಾ?" ಎಂದರು. ಈ ಕೊನೆಯ ಪ್ರಶ್ನೆಯನ್ನು ಅವರು ಕೇಳದೇ ಇದ್ದಿದ್ದರೆ ನಾನು ಅವರನ್ನು ಆಜೀವ ಗೌರವಿಸುತ್ತಿದ್ದೆ.

ಇಂಥ ಹೊತ್ತಿನಲ್ಲಿ ಮೊನ್ನೆ ನಿನ್ನ ಕಾಗದ ಬಂತು. ನಾನು ಅದನ್ನು ಜಗಲಿಯಲ್ಲಿ ನಿಂತು, ಸ್ವರ ಎತ್ತಿ, ಗೆದ್ದವನ ಹಾಗೆ ಓದಿದೆ. ಅಮ್ಮ ಕಣ್ಣೊರೆಸಿಕೊಂಡರು. ಅಪ್ಪ, "ಗಂಡನ ಹತ್ತಿರ ಹೋಗುವುದು ಬೇಡ ಅಂತ ಹೇಳಲಿಕ್ಕೆ ಆಗ್ತದಾ? ಶೀನ ಉಂಟಲ್ಲ" ಎಂದರು. ಮಣೆ ನನಗೆ ಸಿಕ್ಕಿತು, ಆದರೆ ಅಪ್ಪ ಅದನ್ನು ಕೊಟ್ಟ ಸ್ವರ ಹೇಗಿತ್ತೆಂದರೆ, ಒಳ್ಳೆಯ ಅಕ್ಕಿ ಮುಗಿದಾಗ ನುಚ್ಚು ಉಂಟಲ್ಲ ಎಂದ ಹಾಗೆ.

ನಿನ್ನೆ ಬೆಳಿಗ್ಗೆ ಅತ್ತಿಗೆ ನನ್ನನ್ನು ದೋಣಿಗೆ ಕರೆದರು. ಕೈಯಲ್ಲಿ ಕತ್ತದ ಹುರಿ. "ಮಣೆ ಹತ್ತು, ಕೈ ಎತ್ತು" ಎಂದರು. ಯಾಕೆಂದು ಕೇಳಿದರೆ, "ನಾನು ಹೋದ ಮೇಲೆ ನೀನು ನಿಮ್ಮಣ್ಣನ ಅಗುಳಿ ಹಿಡಿದರೆ ಬ್ಯಾರಿ ಸಮುದ್ರಕ್ಕೇ ಮುಟ್ಟಿಯಾರು" ಎಂದರು. ದೋಣಿಯ ತಳಕ್ಕೆ ಹುರಿಯ ತುದಿ ಒತ್ತಿ, ನನ್ನ ಮಣಿಕಟ್ಟಿನವರೆಗೆ ಎಳೆದು, ಗಂಟು ಹಾಕಿದರು. ಹಲಗೆ ಇಷ್ಟೇ ಸಾಕು ಎಂದು ನನ್ನ ಅಂಗೈಯನ್ನು ಅಗಲಿಸಿ ಅಳೆದು ಇನ್ನೊಂದು ಗಂಟು. ಹೆಗಲನ್ನು ಒತ್ತಿ ನೋಡಿ, "ನಿನಗೆ ನನ್ನದಕ್ಕಿಂತ ಸ್ವಲ್ಪ ಗಟ್ಟಿ ಕೋಲು ಆದೀತು, ಆಚಾರಿಗೆ ಹೇಳ್ತೇನೆ" ಎಂದರು. ನನ್ನ ಹತ್ತೊಂಬತ್ತು ವರ್ಷದ ಬದುಕಿನಲ್ಲಿ ನನ್ನ ಮೈಗೆಂದೇ ಅಳತೆ ತೆಗೆದದ್ದು ಅದೇ ಮೊದಲು. ಹುರಿಗೆ ಕೈ ಚಾಚಿದೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೇಡ ಶೀನ, ಈ ಸಲ ನಾನೇ ಕೊಂಡುಹೋಗ್ತೇನೆ. ದಾರಿಯಲ್ಲಿ ಗಂಟು ನಡೀತದೆ" ಎಂದರು. ಜೂನ್ ತಿಂಗಳಿನಿಂದ ಗೊತ್ತಿತ್ತು ಅವರಿಗೆ! ಯಾರಿಗೂ ಹೇಳಲಿಲ್ಲ. ಹೊಟ್ಟೆಕಿಚ್ಚು ಪಡಲು ಕೂಡ ಸರಿಯಾಗಿ ಬಿಡದ ಇಂಥ ಹೆಂಗಸನ್ನು ನೀನು ಎಲ್ಲಿಂದ ಹುಡುಕಿ ತಂದೆ?

ಕಾಗದ ತುಂಬಿತು. ಅಮ್ಮ ನಿನ್ನ ತಲೆಯ ಮೇಲೆ ಇಲ್ಲಿಂದಲೇ ಕೈ ಇಟ್ಟಿದ್ದಾರೆ. ಅಪ್ಪ, ನೀನು ದುಡಿಯುವ ಲಾಂಚಿಯ ಯಂತ್ರದ ಹತ್ತಿರ ಸಡಿಲ ಅಂಗಿ ಹಾಕಬೇಡ ಎಂದು ಬರೆಯಲು ಹೇಳಿದ್ದಾರೆ. ಹೊಟ್ಟೆ ನೋಡಿಕೋ.

ನಿನ್ನ ಅಂಗಿ, ಪುಸ್ತಕ ಹಾಗೂ ಹುಟ್ಟುಗಳಿಗೆ ಏಕೈಕ ವಾರಸುದಾರ,
ಶೀನಪ್ಪ

ಮರೆತೆ. ಟಪ್ಪಾಲಿನವ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅತ್ತಿಗೆಯ ಕಡೆಯಿಂದ ಎಂತ ಬರೆಯಲಿ ಎಂದು ಕೇಳಿದೆ. "ಎಂತ ಇಲ್ಲ, ಬರಲಿ" ಎಂದರು. ಆಮೇಲೆ ಯಾರೂ ಕರೆಯದಿದ್ದರೂ ಖಾಲಿ ದೋಣಿ ತೆಗೆದುಕೊಂಡು ಹೋದರು. ಈಗಲೂ ನಡುಹೊಳೆಯಲ್ಲಿ ಸೆಳೆತಕ್ಕೆ ಸರಿಸಮವಾಗಿ ಹುಟ್ಟು ಹಾಕುತ್ತಾ, ಎಲ್ಲಿಗೂ ಹೋಗದೆ, ಅಲ್ಲೇ ನಿಂತಿದ್ದಾರೆ. ಅಪ್ಪ ನೋಡುತ್ತಿದ್ದಾರೆ, ಕರೆಯುತ್ತಿಲ್ಲ. ಬೊಂಬಾಯಿಯಲ್ಲಿ ನಿನ್ನ ಕೋಣೆಗೆ ಕಿಟಕಿ ಇಲ್ಲ ಎಂದು ನೀನೇ ಬರೆದಿದ್ದೆ. ಮಣೆ ನನಗೆ ಬೇಕು, ಈಗಲೂ ಬೇಕು, ಅದಕ್ಕೇ ಈ ಮಾತನ್ನಾದರೂ ನಂಬು: ದೀಪಾವಳಿಗೆ ಬಾ, ಆದರೆ ಎರಡು ಟಿಕೆಟು ತೆಗೆಯುವ ಮೊದಲು ಅವರನ್ನು ಕೇಳು. ಜಗಲಿಯಲ್ಲಿ ಎಲ್ಲರ ಎದುರು ಬೇಡ. ನೀನು ದೋಣಿಯಲ್ಲಿ ಕೂತು ಕೇಳು, ಅವರು ನಿಂತಿರಲಿ.