ಖುಲಾಸೆ ಅಂದರೆ

ತಮ್ಮಾ,

ದಣಿವೊಂದು ಬಿಟ್ಟರೆ ನಾವೆಲ್ಲ ಚೆನ್ನಾಗಿದ್ದೇವೆ. ಕಾರ್ಖಾನೆಯ ವಿಚಾರಣೆ ಅಂತೂ ಮುಗಿಯಿತು. ನಿನಗೆ ಖುಲಾಸೆ ಆಗಿದೆ.

ಆ ಪದವನ್ನು ನಿಘಂಟಿನಲ್ಲಿ ಹುಡುಕಿದೆ. ಅರಬ್ಬೀ ಮೂಲದ್ದಂತೆ. ಬಿಡುಗಡೆ ಅನ್ನುವುದರ ಜೊತೆಗೆ, ಕಲ್ಮಶ ಕಳೆದು ತಿಳಿಯಾಗುವುದು ಅಂತಲೂ ಅದರ ಬೇರಿನಲ್ಲಿದೆಯಂತೆ. ಓದಿ ಹೇಳಿದರೆ ನಿನ್ನ ಅತ್ತಿಗೆ, "ಪದ ಹಾಗಿರಲಿ ರೀ, ಅವನು ಮನೆಗೆ ಬರ್ತಾನಾ?" ಅಂದಳು.

ಬಾಯ್ಲರ್ ರಿಪೇರಿಗೆ ಉಗಿಯ ವಾಲ್ವ್ ಮುಚ್ಚಿದವನು ತನ್ನ ಹೆಸರಿನ ಬಿಲ್ಲೆಯನ್ನು ಅದಕ್ಕೆ ನೇತುಹಾಕಬೇಕು, ಅದಿರುವಾಗ ಬೇರೆ ಯಾರೂ ಮುಟ್ಟಬಾರದು ಎಂದು ನೀನೇ ಹೇಳುತ್ತಿದ್ದೆ. ನೀನು ಬಿಲ್ಲೆ ಹಾಕಲೇ ಇಲ್ಲ ಎಂದು ದೂರಿದ್ದಕ್ಕೆ ಊರನ್ನೇ ಬಿಟ್ಟು ಹೋದೆಯಲ್ಲ, ನೀನು ಹಾಕಿಯೇ ಇದ್ದೆ. ಅವಸರಕ್ಕೆ ಅದನ್ನು ಕಿತ್ತು ಜೇಬಿಗಿಳಿಸಿ ವಾಲ್ವ್ ತಿರುಗಿಸಿದವನು ನಿನ್ನ ಜೊತೆಗಾರ ಗಡ್ಡದವನೇ. ಉಗಿ ಹೊಡೆದದ್ದೂ ಅವನ ಕೈಗೇ. ಕೊನೆಗೆ ಎಲ್ಲರೆದುರು ಅವನೇ ಒಪ್ಪಿಕೊಂಡ.

ನಿನ್ನೆ ಬಿಲ್ಲೆ ಹಿಡಿದು ನಮ್ಮ ಮನೆಗೆ ಬಂದಿದ್ದ. "ಬಯ್ಯೋದಕ್ಕಾದರೂ ಬಾ ಅನ್ನಿ ಅವನಿಗೆ" ಅಂದ. ಅತ್ತಿಗೆ ಅವನಿಗೆ ಟೀ ಕೊಡಲಿಲ್ಲ. ನೀನು ಬಂದು ಹೇಳಿದರೆ ಕೊಡುತ್ತಾಳಂತೆ.

ಅವನು ಮತ್ತೆ ಭಾನುವಾರ ಬರುತ್ತಾನೆ. ಆ ಸುಟ್ಟ ಕೈ ನೋಡಿಕೊಂಡು ಸುಮ್ಮನೆ ಕೂರುವುದು ನನ್ನಿಂದಾಗದು. ಅವನ ಖುಲಾಸೆ ನಿನ್ನ ಕೈಲಿದೆ, ಬೇಗ ಹೊರಟು ಬಾ.

ನಿನ್ನ ದಾರಿ ನೋಡುತ್ತಾ,
ಅಣ್ಣ