ಕುಲುಮೆಯೋ ಕರಿಕಬ್ಬಿಣವೋ

ಸಂಡೂರು ದೊಡ್ಡಗುಂಡಿ
ಗಾಳಿತಿಂಗಳ ನಲವತ್ತೊಂದನೆಯ ದಿನ, ೨೨೩೭

ಗಿಟಾರಿನ ಗದ್ದಲವನ್ನು ಪ್ರಾಣದಂತೆ ಪ್ರೀತಿಸಿದ ಹಿಂದಿನ ಕಾಲದ ಹಿರಿಯರಿಗೆ ಹೊನ್ನೂರಬಿಯ ನಮಸ್ಕಾರಗಳು.

ಒಂದು ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮಲ್ಲಿ ಪಡುವಣ ಗಾಳಿ ಬೀಸತೊಡಗಿದ ದಿನ ಗಾಳಿತಿಂಗಳು ಹುಟ್ಟುತ್ತದೆ, ಗಾಳಿ ನಿಂತ ದಿನ ಮುಗಿಯುತ್ತದೆ. ನಡುವೆ ಎಷ್ಟು ದಿನಗಳಾದರೂ ಅದು ಒಂದೇ ತಿಂಗಳು. ಇಂಥ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು, ಹೊಸ ಆಲ್ಬಂಗಳ ಬಗ್ಗೆ ನೀವು ಬರೆದುಕೊಂಡ ಜಗಳಗಳನ್ನು ಓದಿ. ಎಲ್ಲಾದರೂ ಮರ್ಯಾದೆ ತಪ್ಪಿ ಬರೆದಿದ್ದರೆ ಅದು ನೀವೇ ಕಲಿಸಿದ್ದೆಂದು ಮನ್ನಿಸಿ.

ಆ ಜಗಳಗಳಲ್ಲಿ ಒಂದಿಷ್ಟು ನಮ್ಮವರೆಗೂ ಉಳಿದು ಬಂದಿವೆ. ಯಾವ ತಂಡದ ಆಲ್ಬಂ ಮೊದಲು ಬರುತ್ತದೆ, ಹಿಂದಿನದಕ್ಕಿಂತ ಮೇಲಾಗುತ್ತದೋ ಇಲ್ಲವೋ, ಡ್ರಮ್ಮರ್ ಬದಲಾದ ಮೇಲೆ ತಂಡ ಕೆಟ್ಟಿತೋ ಬೆಳೆಯಿತೋ ಎಂದು ನೀವು ಕಚ್ಚಾಡಿದ್ದನ್ನು ಓದುವಾಗ ನನಗೆ ನಗು ಬರುತ್ತದೆ. ಇನ್ನೂ ಯಾರ ಕಿವಿಗೂ ಬೀಳದ ಆಲ್ಬಂ ಮೇಲೆ ಎಂಥ ಖಚಿತ ತೀರ್ಪುಗಳು! ನಾವೂ ಹಾಗೆಯೇ ಇದ್ದೇವೆ. ಆ ಧೈರ್ಯದಿಂದಲೇ ಕಳೆದ ಗಾಳಿತಿಂಗಳಲ್ಲಿ ನಡೆದದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಾವು ವಾಸಿಸುವುದು ನಿಮ್ಮವರು ಕಬ್ಬಿಣದ ಅದಿರಿಗಾಗಿ ಅಗೆದು ಬಿಟ್ಟುಹೋದ ಗುಂಡಿಯೊಳಗೆ. ಮೇಲಿನ ಬಯಲಿನಲ್ಲಿ ಬೇಸಿಗೆಯ ಮಧ್ಯಾಹ್ನ ನಿಲ್ಲಲಾಗುವುದಿಲ್ಲ. ಇಲ್ಲಿ ಕೆಂಪು ಬಂಡೆಯ ಮೆಟ್ಟಿಲುಗಳಲ್ಲಿ ಕೊರೆದ ಮನೆಗಳು ತಂಪಾಗಿರುತ್ತವೆ. ಗುಂಡಿಯ ತಳದಲ್ಲಿ ಕೆರೆ, ಕೆರೆಯ ಪಕ್ಕ ಬಯಲು, ಬಯಲಿನ ಸುತ್ತ ಗೋಡೆಯಂತೆ ಎದ್ದ ಬೆಟ್ಟ. ನಮ್ಮ ದೊಡ್ಡ ಭಯ ಆ ಗೋಡೆಯೇ. ಅದಕ್ಕಾಗಿ ಬಂಡೆಯೊಳಗೆ ಅಲ್ಲಲ್ಲಿ ಗೋಡೆಕಿವಿಗಳನ್ನು ಹೂತಿಟ್ಟಿದ್ದೇವೆ. ಒಳಗೆಲ್ಲೋ ಕಲ್ಲು ಬಿರಿದರೆ, ಮಣ್ಣು ಸರಿದರೆ, ಆ ಸಣ್ಣ ಯಂತ್ರಗಳು ಸದ್ದು ಹಿಡಿದು ಎಚ್ಚರಿಸುತ್ತವೆ.

ಕರೆಂಟು ನಮ್ಮಲ್ಲಿ ಅಳತೆಯ ಪದಾರ್ಥ. ಗಾಳಿತಿಂಗಳಲ್ಲಿ ಮಾತ್ರ ಗಾಳಿಗಿರಣಿಗಳು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತವೆ. ಆಗ ಒಂದು ಸಂಜೆ ಎದೆಸದ್ದು. ಎದೆಸದ್ದು ಎಂದರೆ ಬಯಲಿನಲ್ಲಿ ಮನೆಯೆತ್ತರದ ಸ್ಪೀಕರುಗಳನ್ನು ನಿಲ್ಲಿಸಿ, ಒಂದು ಹೊಸ ಮೆಟಲ್ ಆಲ್ಬಮನ್ನು ಊರಿಗೆ ಊರೇ ಕೂತು ಕೇಳುವುದು. ಮಿಕ್ಕ ದಿನ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಸ್ಪೀಕರುಗಳಲ್ಲಿ ಕೇಳುತ್ತೇವೆ, ನಿಜ. ಆದರೆ ಪಕ್ಕೆಲುಬು ನಡುಗದ ಮೆಟಲ್ ಊಟದ ಚಿತ್ರ ನೋಡಿದ ಹಾಗೆ. ವರ್ಷಕ್ಕೆ ಒಂದೇ ಸಂಜೆ, ಒಂದೇ ಆಲ್ಬಂ. ಅದು ಯಾವುದೆಂದು ಕೈಯೆತ್ತಿ ತೀರ್ಮಾನಿಸುತ್ತೇವೆ. ಸದ್ದುಕಟ್ಟೆಯಲ್ಲಿ ಕೂತು ಅದನ್ನು ನುಡಿಸುವ ಕೆಲಸ ನನ್ನದು.

ಕಳೆದ ವರ್ಷ ಎರಡು ತಂಡಗಳ ಆಲ್ಬಂಗಳು ಒಟ್ಟಿಗೇ ಬರುವುದಿದ್ದವು. ಒಂದು ಕುಲುಮೆ, ಇನ್ನೊಂದು ಕರಿಕಬ್ಬಿಣ. ನಾನು ಕುಲುಮೆಯವಳು. ನನ್ನ ಬಾಲ್ಯದ ಗೆಳೆಯ ಪಂಪಾಪತಿ ಕರಿಕಬ್ಬಿಣದವನು. ಅವನು ಕೆರೆಯ ನೀರೆತ್ತುವ ಪಂಪುಗಳ ಮೇಸ್ತ್ರಿ. ನೀರಿನ ಸಾಲಿನಲ್ಲಿ ನಿಂತವರಿಗೆಲ್ಲ ಕರಿಕಬ್ಬಿಣದ ‘ತುಕ್ಕು’ ಆಲ್ಬಂ ಯಾಕೆ ಕುಲುಮೆಯ ‘ಇದ್ದಿಲಿ’ಗಿಂತ ದೊಡ್ಡದೆಂದು ಉಪದೇಶ ಮಾಡಿಯೇ ಕೊಡ ತುಂಬಿಸುತ್ತಿದ್ದ. ಹೊಸ ಆಲ್ಬಮಿನ ತುಣುಕೊಂದು ಹೊರಗಿನಿಂದ ಸುದ್ದಿ, ಹಾಡು ತರುವ ತಂತಿಯಲ್ಲಿ ಬಂದ ದಿನ, ಅರ್ಧ ನಿಮಿಷದ ಆ ಡ್ರಮ್ಮನ್ನು ಬೆರಳಲ್ಲಿ ಕೊಡದ ಮೇಲೆ ಬಾರಿಸುತ್ತಲೇ ಇದ್ದ. ಅವರ ಡ್ರಮ್ಮರ್ ಎಲ್ಲಿ ತಡೆಯುತ್ತಾನೆ, ಎಲ್ಲಿ ಎರಡು ಪೆಟ್ಟು ಮೊದಲೇ ಇಳಿಯುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ.

ಕರಿಕಬ್ಬಿಣ ಗೆದ್ದಿತು. ಸೋತದ್ದಕ್ಕೆ ಬೇಸರವಾಯಿತು, ಆದರೆ ಭಯವಾದದ್ದು ಆಲ್ಬಮಿನ ವಿವರ ತಿಳಿದಾಗ. ಅದರ ಹೆಸರು ‘ಒಂದೇ ಉಸಿರು’. ಮುಕ್ಕಾಲು ಗಂಟೆ ಎಲ್ಲೂ ನಿಲ್ಲದೆ ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತದೆ. ಎದೆಸದ್ದು ನಡೆಯುವಾಗ ಗೋಡೆಕಿವಿಗಳಿಗೆ ಬೇರೇನೂ ಕೇಳಿಸುವುದಿಲ್ಲ. ಹಾಡು ಹಾಡಿನ ನಡುವಿನ ಬಿಡುವಿನಲ್ಲಿ ನಾನು ಅವುಗಳತ್ತ ನೋಡಿ, ಗೋಡೆ ಸುಮ್ಮನಿದೆ ಎಂದು ಖಾತ್ರಿ ಮಾಡಿಕೊಂಡು ಮುಂದಿನದನ್ನು ಬಿಡುವುದು ರೂಢಿ. ಈ ಸಲ ಬಿಡುವೇ ಇರಲಿಲ್ಲ. ಮೇಲಾಗಿ ಹಿಂದಿನ ವಾರ ಅಕಾಲದ ಮಳೆ ಬಿದ್ದು ಬಡಗಣ ಗೋಡೆ ನೆನೆದಿತ್ತು. ನಡುವೆ ಒಂದು ಕಡೆ ನಿಲ್ಲಿಸುತ್ತೇನೆ ಎಂದು ಗುಂಡಿಸಭೆಯಲ್ಲಿ ಕೇಳಿಕೊಂಡೆ.

“ಲೇ ಹೊನ್ನೂರಿ, ಆಲ್ಬಂ ಹೆಸರೇ ‘ಒಂದೇ ಉಸಿರು’. ಅದರ ಕತ್ತು ಹಿಸುಕ್ತೀನಿ ಅಂತೀಯಲ್ಲ!” ಎಂದ ಪಂಪಾಪತಿ. ಸಭೆ ನಕ್ಕಿತು.

“ಅಷ್ಟೊತ್ತೂ ಗೋಡೆಕಿವಿ ಕಿವುಡಾಗಿರ್ತಾವೆ ಕಣೋ. ಗೋಡೆ ಏನ್ ಮಾಡ್ತೈತೆ ಅಂತ ಯಾರಿಗ್ ಗೊತ್ತಾಗ್ತೈತೆ?”

“ನಿಮ್ ಕುಲುಮೆ ಗೆದ್ದಿದ್ರೆ ಗೋಡೆ ನೆನಪಾಗ್ತಿತ್ತಾ ನಿಂಗೆ?”

ಕುಲುಮೆಯ ಹಾಡುಗಳ ನಡುವೆ ಹೇಗೂ ಬಿಡುವಿತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಿದರೆ ಕುಲುಮೆಯ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು. ಸಭೆಯ ಹಿರಿಯ ಎರ್ರಿಸ್ವಾಮಿ, ಗಾಳಿಗಿರಣಿ ಹತ್ತಿ ಇಳಿದು ಮರದ ಬೊಡ್ಡೆಯಂತಾದ ಮನುಷ್ಯ, “ನಾನು ಹುಟ್ಟಿದಾಗಿಂದ ಆ ಗೋಡೆ ಕದಲಿಲ್ಲಮ್ಮ. ಪೂರ್ತಿ ಹಾಕು” ಎಂದು ಮುಗಿಸಿದರು.

ಆ ಸಂಜೆ ಊರೆಲ್ಲ ಬಯಲಿಗೆ ಇಳಿಯಿತು. ಮಕ್ಕಳಿಗೂ ಅವರ ತಾಯಂದಿರಿಗೂ ಮುದುಕರಿಗೂ ಕಿವಿಗೂಡು ಹಾಕಿದ್ದರು. ಅದು ಹತ್ತಿ ಒತ್ತಿ ಹೊಲಿದ ದಪ್ಪ ಟೊಪ್ಪಿಗೆ. ಹಾಕಿಕೊಂಡರೆ ಸದ್ದು ಮೈಗೆ ಮಾತ್ರ ತಾಗುತ್ತದೆ. ಪಂಪಾಪತಿ ಎಲ್ಲರಿಗಿಂತ ಮುಂದೆ, ಬಡಗಣ ಗೋಡೆಯ ಬುಡದಲ್ಲಿ ಜಾಗ ಹಿಡಿದಿದ್ದ. ತಗ್ಗಿನ ಸದ್ದು ಬಂದು ತುಂಬಿಕೊಳ್ಳುವುದು ಅಲ್ಲೇ. ನನ್ನ ಕಟ್ಟೆ ಆ ಗೋಡೆಯಿಂದ ದೂರ, ಬಯಲಿನ ಇನ್ನೊಂದು ತುದಿಯಲ್ಲಿ, ಬಂಡೆಯ ಮೇಲೆ. ತಂತಿಯಲ್ಲಿ ಆಗಷ್ಟೇ ಬಂದ ಆಲ್ಬಮನ್ನು ನಾನೂ ಸೇರಿ ಯಾರೂ ಕೇಳಿರಲಿಲ್ಲ.

ಸದ್ದಿನ ಹಿಡಿ ಎತ್ತಿದೆ. ಮೊದಲ ಗಿಟಾರು ಹರಿದು ಬಂದಾಗ ಕೆರೆಯ ನೀರು ಗರಿಗಟ್ಟಿತು. ಅದರ ಹಿಂದೆಯೇ ಡ್ರಮ್ಮು, ಅದರ ಮೇಲೆ ಆ ಗರ್ಜನೆಯ ದನಿ. ಕುಲುಮೆಯವಳಾದ ನನಗೂ ಮೈ ಜುಮ್ಮೆಂದಿತು. ಎರಡನೆಯ ಹಾಡು ಮೊದಲನೆಯದರ ಬೆನ್ನೇರಿತು, ಮೂರನೆಯದು ಅದರ ಬೆನ್ನೇರಿತು. ಜನ ಕೂತಲ್ಲಿಂದ ಎದ್ದು ತಲೆ ಬೀಸತೊಡಗಿದರು.

ಆಗ ನನ್ನ ಅಂಗಾಲಿಗೆ ಏನೋ ತಾಗಿತು.

ಡ್ರಮ್ಮಿನ ಕೆಳಗೆ ಇನ್ನೊಂದು ಪೆಟ್ಟು. ಮಂದವಾದದ್ದು, ತಾಳಕ್ಕೆ ಸ್ವಲ್ಪ ಹಿಂದೆ. ಒಮ್ಮೆ ಬಂದು ನಿಂತಿತು, ಮತ್ತೆ ಬಂತು. ಗೋಡೆಕಿವಿಗಳ ಪರದೆ ನೋಡಿದೆ. ಎಲ್ಲವೂ ಹಾಡಿನ ಸದ್ದಿನಲ್ಲಿ ಮುಳುಗಿ ಬೆಳ್ಳಗೆ ಉರಿಯುತ್ತಿದ್ದವು. ಆ ಪೆಟ್ಟು ಹಾಡಿನದೋ ಗೋಡೆಯದೋ? ಹಳೆಯ ಆಲ್ಬಮಾಗಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇದು ಹೇಗಿರಬೇಕೆಂದೇ ನನಗೆ ಗೊತ್ತಿರಲಿಲ್ಲ. ನಿಲ್ಲಿಸಿ, ಅದು ಹಾಡಿನದೇ ಆಗಿದ್ದರೆ, ಊರು ವರ್ಷವಿಡೀ ಕಾದ ಸಂಜೆಯನ್ನು ಸೋತ ಹೊಟ್ಟೆಕಿಚ್ಚಿಗೆ ಕೆಡಿಸಿದವಳಾಗುತ್ತೇನೆ. ನಿಲ್ಲಿಸದಿದ್ದರೆ? ಕೈ ಹಿಡಿಯ ಮೇಲಿತ್ತು.

ಉತ್ತರ ಗೊತ್ತಿರಬಹುದಾದವನು ಒಬ್ಬನೇ. ಅಷ್ಟು ಜನರ ತಲೆಗಳಾಚೆ ಪಂಪಾಪತಿಯನ್ನು ಹುಡುಕಿದೆ. ಅವನು ಎದ್ದು ನಿಂತು, ಕೇಳರಿಯದ ಹಾಡಿಗೂ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಊಹಿಸಿ ಗಾಳಿಯಲ್ಲಿ ಎರಡೂ ಕೈಯಿಂದ ಬಾರಿಸುತ್ತಿದ್ದ. ಆ ಮಂದ ಪೆಟ್ಟು ಮತ್ತೆ ಬಂತು. ಅವನ ಕೈಗಳು ಗಾಳಿಯಲ್ಲೇ ನಿಂತವು. ಅವನು ನಿಧಾನವಾಗಿ ತಿರುಗಿ ನನ್ನ ಕಡೆ ನೋಡಿದ.

ಹಿಡಿ ಕೆಳಗೆಳೆದೆ.

ಒಂದು ಕ್ಷಣ ಗಾಳಿಗಿರಣಿಗಳ ಸದ್ದು ಮಾತ್ರ. ಆಮೇಲೆ ಜನ ಕೂಗಿಕೊಂಡರು. “ಗೋಡೆ! ಈ ಕಡೆ ಬನ್ನಿ!” ಎಂದು ನಾನು ಅರಚಿದ್ದು ನನಗೇ ಕೇಳಿಸಲಿಲ್ಲ. ಮುಂದಿದ್ದವರು ಹಿಂದಿದ್ದವರನ್ನು ನೂಕಿಕೊಂಡು ನನ್ನ ಕಟ್ಟೆಗೇ ನುಗ್ಗಿದರು. ಎರ್ರಿಸ್ವಾಮಿ ಮೊದಲು ಹತ್ತಿ ಬಂದು ನನ್ನ ಕೊರಳಪಟ್ಟಿ ಹಿಡಿದರು.

“ಯಾಕ್ ನಿಲ್ಸಿದ್ಯಮ್ಮ? ಸೋತಿದ್ದು ತಡ್ಕಳಾಕಾಗ್ಲಿಲ್ವಾ?”

“ಕಾಲ್ ಕೆಳಗೆ ನೋಡಿ ಮಾವ, ಕಾಲ್ ಕೆಳಗೆ...”

“ಹಾಕು! ಮೊದ್ಲು ಹಾಕು!” ಎಂದು ಸುತ್ತಲೂ ಕೂಗು.

ಅವರ ಭುಜದಾಚೆ ನನಗೆ ಕಾಣುತ್ತಿತ್ತು. ಗೋಡೆಯ ಬುಡದಲ್ಲಿ ಉಳಿದವರು ಕಿವಿಗೂಡಿನವರು ಮಾತ್ರ. ಅವರಿಗೆ ಕೂಗೂ ಕೇಳಿಸಿರಲಿಲ್ಲ, ಹಾಡು ನಿಂತದ್ದು ಎಂದಿನ ಬಿಡುವಿಗೆಂದು ತಿಳಿದು ಕೂತಿದ್ದರು. ಪಂಪಾಪತಿ ನೆಲಕ್ಕೆ ಅಂಗೈ ಒತ್ತಿದ, ಎದ್ದ, ಓಡತೊಡಗಿದ. ಮಕ್ಕಳನ್ನು ಎತ್ತಿ ಎತ್ತಿ ಕೆರೆಯ ಕಡೆ ದಬ್ಬಿದ. ತಾಯಂದಿರ ಕಿವಿಗೂಡು ಕಿತ್ತೆಸೆದು ಏನೋ ಕೂಗಿದ. ಅವರು ಎದ್ದು ಓಡಿದರು. ಕೊನೆಗೆ ಉಳಿದದ್ದು ಕಣ್ಣು ಮಂಜಾದ ಕೆಂಚಮ್ಮಜ್ಜಿ. ಅವರನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ಗೋಡೆಯ ನೆತ್ತಿಯಿಂದ ಕೆಂಪು ಧೂಳು ಹೊಗೆಯಂತೆ ಎದ್ದಿತು. ಅವನು ಮೇಲೆ ನೋಡಲಿಲ್ಲ. ಅಜ್ಜಿಯನ್ನು ಇಬ್ಬರು ಹೆಂಗಸರ ಕೈಗೆ ದಾಟಿಸಿ, ಬೆನ್ನಿಗೆ ಕೈ ಕೊಟ್ಟು ನೂಕಿದ. ಗೋಡೆ ಬಂತು.

ಧೂಳು ಇಳಿಯಿತು. ಎರ್ರಿಸ್ವಾಮಿಯ ಕೈ ನನ್ನ ಕೊರಳಪಟ್ಟಿಯಲ್ಲೇ ಇತ್ತು. ಈಗ ಅವರು ನನ್ನನ್ನು ಹಿಡಿದಿದ್ದು ತಾವು ಬೀಳದಿರುವುದಕ್ಕೆ. ಸ್ಪೀಕರುಗಳಿದ್ದ ಜಾಗ, ಊರೆಲ್ಲ ಕೂತಿದ್ದ ಜಾಗ, ಈಗ ಕಲ್ಲಿನ ಗುಡ್ಡೆ. ನನ್ನನ್ನು ಹೊಡೆಯಲು ಬಂದವರೆಲ್ಲ ಬದುಕಿದರು. ನನ್ನನ್ನು ನಂಬಿದವನು ಅದರ ಕೆಳಗೆ ಉಳಿದ.

ಪಂಪಾಪತಿಯ ಅಕ್ಕ ಹುಲಿಗೆಮ್ಮ ಎದೆಸದ್ದಿನ ದಿನ ಬಾಗಿಲಿಗೆ ಕಂಬಳಿ ತುರುಕಿಕೊಂಡು ಮಲಗುವಂಥವರು. ತಮ್ಮನ ಮಣ್ಣಾದ ಮೇಲೆ ಅವರ ಮನೆಯ ಮುಂದೆ ಹಾಯಲು ನನಗೆ ಕಾಲೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೇ ಬಂದು ನನ್ನ ಬಾಗಿಲಲ್ಲಿ ನಿಂತರು.

“ಅವ್ನು ಅರ್ಧ ಕೇಳಿ ಹೋದ. ಉಳಿದಿದ್ದು ಹೆಂಗೈತೆ, ಹಾಕು ನೋಡನ.”

ಪುಟ್ಟ ಸ್ಪೀಕರಿನಲ್ಲಿ ಮೊದಲಿನಿಂದ ಹಾಕಿದೆ. ಹುಲಿಗೆಮ್ಮ ಗೋಡೆಗೊರಗಿ, ಸೆರಗನ್ನು ಬಾಯಿಗೊತ್ತಿ ಕೂತರು. ಮೂರನೆಯ ಹಾಡಿನಲ್ಲಿ ಅಂದು ನಾನು ನಿಲ್ಲಿಸಿದ ಜಾಗ ಬಂದಾಗ ಸ್ಪೀಕರಿಗೆ ಕಿವಿ ಹಚ್ಚಿದೆ. ಅಲ್ಲಿ ಆ ಮಂದ ಪೆಟ್ಟು ಇರಲಿಲ್ಲ. ಹಾಡು ನಮಗೆ ಗೊತ್ತಿಲ್ಲದ ಕಡೆಗೆ ಮುಂದುವರಿಯಿತು.

“ಚೆನ್ನಾಗೈತೆ” ಎಂದರು ಹುಲಿಗೆಮ್ಮ, ಮುಗಿದ ಮೇಲೆ.

“ಚೆನ್ನಾಗೈತಕ್ಕ. ಕೊನೇಲಿ ಸ್ವಲ್ಪ ಎಳೆದವ್ರೆ.” ಬಾಯಿ ತಪ್ಪಿ ಬಂತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಹುಲಿಗೆಮ್ಮ ಸೆರಗು ಕೆಳಗಿಳಿಸಿದರು. “ಎಲ್ಲೇ ಎಳೆದವ್ರೆ? ನಿಂಗ್ ಕಿವಿ ಐತೋ ಇಲ್ವೋ? ಆ ಕೊನೇದಕ್ಕೇ ಅಲ್ವೇನೇ ಅಷ್ಟೊತ್ತು ಕಾಯ್ಸಿದ್ದು!”

“ಕುಲುಮೆಯೋರು ಆಗಿದ್ರೆ ಅದನ್ನೇ ಎರಡು ನಿಮಿಷದಾಗ ಮುಗಿಸೋರು.”

“ನಿನ್ ಕುಲುಮೆ ತಗಂಡೋಗಿ ಕೆರೆಗ್ ಹಾಕು!”

ಬಿಸಿಲು ಇಳಿಯುವವರೆಗೂ ಜಗಳವಾಡಿದೆವು. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಇಬ್ಬರೂ ಸೋಲಲಿಲ್ಲ.

ನಾಳೆ ಈ ವರ್ಷದ ಎದೆಸದ್ದು. ಜನ ತೆಂಕಣ ದಡದಲ್ಲಿ ಕೂರುತ್ತಾರೆ. ಯಾವ ತಂಡದ್ದಾದರೂ ಸರಿ, ನಡುವೆ ನಿಲ್ಲಿಸುವ ಹಕ್ಕನ್ನು ಸಭೆ ನನಗೆ ಬರೆದುಕೊಟ್ಟಿದೆ. ಆದರೂ ಬೆಳಗಿನಿಂದ ಎರಡು ಸಲ ಹೋಗಿ ಗೋಡೆಕಿವಿಗಳ ಪರದೆ ನೋಡಿ ಬಂದೆ. ಹೊಸ ಆಲ್ಬಂ, ಅದು ಹೇಗಿರುತ್ತದೆಂದು ಯಾರಿಗೂ ತಿಳಿಯದು.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಕಾಲದಲ್ಲಿ ಆಲ್ಬಂಗಳು ವಾರವಾರವೂ ಬರುತ್ತವಂತೆ, ಒಬ್ಬೊಬ್ಬರೇ ಕಿವಿ ಮುಚ್ಚಿಕೊಂಡು ಕೇಳುತ್ತೀರಂತೆ. ತಪ್ಪು ತಂಡವನ್ನು ಪ್ರೀತಿಸುವ ಗೆಳೆಯನೊಬ್ಬ ನಿಮಗಿದ್ದರೆ, ಮಾತು ಬಿಟ್ಟಿದ್ದರೂ ಪರವಾಗಿಲ್ಲ, ಮುಂದಿನ ಸಲ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಕೇಳಿ. ಅವನ ಮಾತು ಒಪ್ಪಬೇಕಾಗಿಲ್ಲ.

ನಿಮ್ಮ
ಹೊನ್ನೂರಬಿ