ಕೆಂಚನಿಗೆ ಇಂಗ್ಲಿಷ್ ಬರುವುದಿಲ್ಲ

ಕೊಲಂಬಿಯಾ, ಮೇರಿಲ್ಯಾಂಡ್
ಅಕ್ಟೋಬರ್ 1976

ರೀ,

ರಾತ್ರಿ ಎರಡೂವರೆ. ಆಗಷ್ಟೇ ಕಣ್ಣು ಹತ್ತಿತ್ತು, ಟೆಲಿಫೋನಿನ ಡಯಲ್ ತಿರುಗುವ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ನಿಮ್ಮ ಮಗಳು ಕುರ್ಚಿ ಹತ್ತಿ ನಿಂತು, ತೋಚಿದ ನಂಬರ್ ತಿರುಗಿಸಿ, "ಕೆಂಚಾ, ಬಾರೋ! ಕೂತ್ಕೋ! ಕೈ ಕೊಡು!" ಎಂದು ನಾಯಿಯನ್ನು ಕರೆಯುತ್ತಿದ್ದಳು. ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅದರ ಹತ್ತಿರ ಮಾತ್ರ ಕನ್ನಡ ಆಡುತ್ತಾಳೆ.

"ಏನೇ ಇದು ಮಾಲಿನಿ, ಇಷ್ಟು ಹೊತ್ತಲ್ಲಿ?"

"ಮಮ್ಮಿ, ಕೆಂಚ ಡಸಂಟ್ ನೋ ಇಂಗ್ಲಿಷ್. ಹೂ ವಿಲ್ ಟಾಕ್ ಟು ಹಿಮ್?"

"ಡ್ಯಾಡಿ ಇದಾರಲ್ಲ."

"ಡ್ಯಾಡಿ ಡಸಂಟ್ ಟಾಕ್."

ಇದು ನಾನು ಹೇಳಿಕೊಟ್ಟದ್ದಲ್ಲ.

ಮಗುವಿಗೆ ಅಷ್ಟು ದೂರದ ದಾರಿ ಆಗದು ಎಂದು ನಾಯಿಯನ್ನು ಹತ್ತಿಸಿಕೊಂಡು ಮೋಟರ್‌ಹೋಮಿನಲ್ಲಿ ಹೊರಟಿರಿ, ಎರಡು ವಾರಕ್ಕೆಂದು. ಎರಡು ತಿಂಗಳಾಯಿತು. ಮನೆಯನ್ನೇ ಚಕ್ರದ ಮೇಲಿಟ್ಟುಕೊಂಡು ಹೋದಿರಿ, ಮನೆಯವರನ್ನು ಬಿಟ್ಟು. ನೀವು ಕಳಿಸಿದ ಅರಿಜೋನಾದ ಕೆಂಪು ಬೆಟ್ಟಗಳ ಚಿತ್ರದ ಕಾರ್ಡಿನ ಹಿಂದೆ ಒಂದೇ ಸಾಲು: "ಮರುಭೂಮಿ ಕೆಂಚನಿಗೆ ಒಗ್ಗಿದೆ." ನಾವು ಹೇಗಿದ್ದೇವೆಂದು ಕೇಳಿಲ್ಲ. ವಿಳಾಸವೂ ಇಲ್ಲ. ಇದನ್ನು ಯಾವ ಬೆಟ್ಟಕ್ಕೆ ಪೋಸ್ಟ್ ಮಾಡಲಿ?

ಅವಳ ಅಳು ನಿಲ್ಲಿಸಲು ಸುಳ್ಳು ಹೇಳಿದೆ, ಬೆಳಿಗ್ಗೆ ಏಳುವಷ್ಟರಲ್ಲಿ ಕೆಂಚನ ಫೋನ್ ಬರುತ್ತದೆ ಎಂದು. ಈಗ ಫೋನಿನ ಕೆಳಗೇ ನೆಲದ ಮೇಲೆ ದಿಂಬು ಹಾಕಿಕೊಂಡು ಮಲಗಿದ್ದಾಳೆ. ಫೋನ್ ಸುಮ್ಮನಿದ್ದರೆ, ನಾಳೆಯಿಂದ ಅವಳು ನಂಬುವವರು ಈ ಮನೆಯಲ್ಲಿ ಯಾರೂ ಇರುವುದಿಲ್ಲ.

ಬೆಳಗಾಗುವ ಮೊದಲು ಫೋನ್ ಮಾಡಿ, ದಮ್ಮಯ್ಯ. ನನ್ನ ಹತ್ತಿರ ಮಾತಾಡುವುದೇನೂ ಬೇಡ. ಕೆಂಚನಿಂದ ಒಂದು ಸಲ ಬೊಗಳಿಸಿ, ಸಾಕು.